ಹನ್ನೊಂದು ಗಂಟೆಗೆ ಕಡಿಯುವ ಲೈನು

ಮಾರ್ಚ್ 3, ಸೋಮವಾರ

ಇಂಟರ್ನೆಟ್ ಕಂಪನಿಯ ಸಹಾಯವಾಣಿಯ ಹುಡುಗಿ ಹೇಳಿದಳು: "ಮೇಡಂ, ಯಾವ್ಯಾವಾಗ ಕಟ್ ಆಗುತ್ತೆ ಅಂತ ಒಂದು ಕಡೆ ಬರೆದಿಟ್ಕೊಳ್ಳಿ. ನಮಗೆ ಅನುಕೂಲ ಆಗುತ್ತೆ." ಬರೆಯಲು ಕಾಗದ ಹುಡುಕಿದರೆ ಈ ಡೈರಿ ಕೈಗೆ ಸಿಕ್ಕಿತು. ಯಾವುದೋ ಔಷಧ ಕಂಪನಿಯವರು ಕೊಟ್ಟದ್ದು. ಎರಡು ತಿಂಗಳು ಖಾಲಿ ಹೋಗಿದೆ. ಸರಿ.

ಇಂದು ಕಡಿದದ್ದು: 11.08, 11.21, 11.40.

ಮೂರೂ ಸಲ ಚಾಲಕರ ಹೊತ್ತಿನಲ್ಲೇ. ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿದ ಮನುಷ್ಯ, ಈಗ ನನ್ನ ರೋಗಿ. ಕಳೆದ ವರ್ಷ ಮೆದುಳಿಗೆ ರಕ್ತ ಹೋಗುವುದು ನಿಂತು ಮಾತು ಹೋಯಿತು. ಎಲ್ಲ ಅರ್ಥವಾಗುತ್ತದೆ, ಪದ ಮಾತ್ರ ಬಾಯಿಗೆ ಬರುವುದಿಲ್ಲ. ಇಪ್ಪತ್ತಾರು ವರ್ಷ ಆಸ್ಪತ್ರೆಯಲ್ಲಿ ಕೂತು ಇಂಥವರಿಗೆ ಮಾತು ಕಲಿಸಿದವಳು ನಾನು. ಈಗ ಎರಡು ವರ್ಷದಿಂದ ಅದೇ ಆಸ್ಪತ್ರೆಯ ಆರು ರೋಗಿಗಳಿಗೆ ಮನೆಯಿಂದ, ವಿಡಿಯೋದಲ್ಲಿ ಕಲಿಸುತ್ತೇನೆ. ನಾನು ಚಿತ್ರದ ಕಾರ್ಡು ಹಿಡಿಯುತ್ತೇನೆ, ಅವರು ಹೆಸರು ಹೇಳಬೇಕು.

ಮೂರನೆಯ ಸಲ ಕಡಿದು ಮತ್ತೆ ಸಿಕ್ಕಾಗ ಪರದೆಯ ಮೇಲೆ ಚಾಲಕರ ಕುರ್ಚಿ ಖಾಲಿ. ಅವರ ಹೆಂಡತಿ ಒಬ್ಬರೇ ಕೂತಿದ್ದರು. "ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಾರೆ ಮೇಡಂ. ಕೈಯಲ್ಲಿ ಹಿಂಗೆ ಕತ್ತರಿ ಮಾಡಿ ತೋರಿಸಿದ್ರು. ತಾವು ನಿಧಾನ ಅಂತ ನಿಮಗೇ ಬೇಜಾರಾಗಿ ಕಟ್ ಮಾಡ್ತಿದ್ದೀರಿ ಅಂದ್ಕೊಂಡಿದ್ದಾರೆ."

ಅಯ್ಯೋ. ಲೈನಿನ ತಪ್ಪು ಎಂದು ಹೇಗೆ ನಂಬಿಸುವುದು? ತಿಂಗಳ ಕೊನೆಗೆ ಆಸ್ಪತ್ರೆಯವರು ರೆಕಾರ್ಡಿಂಗ್ ನೋಡುತ್ತಾರೆ. ಸುಧಾರಣೆ ಕಾಣದಿದ್ದರೆ ಚಾಲಕರನ್ನು ಬಿಟ್ಟು ಆ ಹೊತ್ತನ್ನು ಸರದಿಯಲ್ಲಿರುವ ಇನ್ನೊಬ್ಬರಿಗೆ ಕೊಡುತ್ತಾರೆ.


ಮಾರ್ಚ್ 4, ಮಂಗಳವಾರ

11.12, 11.33.

ಸಹಾಯವಾಣಿಯ ಮದ್ದು: ರೂಟರ್ ಆರಿಸಿ, ಮೂವತ್ತು ಎಣಿಸಿ, ಮತ್ತೆ ಹಾಕಿ. ನಾನು ಚಾಲಕರ ಹೆಂಡತಿಗೆ ಫೋನಿನಲ್ಲಿ ಸಮಾಧಾನ ಹೇಳುತ್ತಿದ್ದೆ, ಹಾಗಾಗಿ ಇವರನ್ನು ಕೂಗಿ ಪ್ಲಗ್ಗು ತೆಗೆಯಲು ಹೇಳಿದೆ. ಈ ಪುಟಗಳಲ್ಲಿ "ಇವರು" ಎಂದರೆ ನನ್ನ ಗಂಡ, ಬೇರೆ ಯಾರೂ ಇಲ್ಲ ಈ ಮನೆಯಲ್ಲಿ. ಸ್ವಲ್ಪ ಹೊತ್ತಿಗೆ ಫ್ರಿಜ್ಜಿನ ಗುಂಯ್‌ ನಿಂತಿತು.

"ರೂಟರ್ ರೀ, ಫ್ರಿಜ್ ಅಲ್ಲ!"

"ಅದೇ… ನಾನು ಆ… ಆ ತಣ್ಣ…"

"ತಣ್ಣೀರು ಆಮೇಲೆ ಕುಡೀರಿ, ಮೊದಲು ಇದನ್ನ ಮಾಡಿ" ಎಂದು ನಾನೇ ಎದ್ದು ಹೋಗಿ ಮಾಡಿದೆ. ಇವರು ಫ್ರಿಜ್ಜಿನ ಮುಂದೆ ನಿಂತೇ ಇದ್ದರು. ಕಾರ್ಖಾನೆಯ ಉಗ್ರಾಣದಲ್ಲಿ ಮೂವತ್ತೈದು ವರ್ಷ ಬಿಡಿಭಾಗಗಳ ಲೆಕ್ಕ ಇಟ್ಟವರು. ನಾಲ್ಕು ಸಾವಿರ ನಟ್ಟು ಬೋಲ್ಟಿನ ಹೆಸರು ನಾಲಿಗೆಯ ತುದಿಯಲ್ಲಿತ್ತು. ನಿವೃತ್ತರಾದ ಮೇಲೆ ಮೈಮನಸ್ಸಿಗೆಲ್ಲ ಸೋಮಾರಿತನ. ಈಗ ಎಲ್ಲಕ್ಕೂ ಒಂದೇ ಹೆಸರು, "ಅದು".


ಮಾರ್ಚ್ 6, ಗುರುವಾರ

11.05, 11.19, 11.31, 11.50.

ತಲೆ ಕೆಟ್ಟು ಮೊಸರಾಗಿದೆ. ವೇಗ ಅಳೆಯುವ ಆ್ಯಪ್ ಹಾಕಿಕೊಂಡೆ. ಹನ್ನೊಂದಕ್ಕೆ ಮುಂಚೆ ತೊಂಬತ್ನಾಲ್ಕು. ಹನ್ನೊಂದೂ ಕಾಲಿಗೆ ಮೂರು. ಒಂದು ನಿಮಿಷ ಬಿಟ್ಟು ನೋಡಿದರೆ ತೊಂಬತ್ತೊಂದು! ಇದು ಇಂಟರ್ನೆಟ್ಟೋ ರೋಗಿಯ ಜ್ವರದ ಪಟ್ಟಿಯೋ?

ರೂಟರ್ ಹಿಂದೆ ಉಕ್ಕಿನ ಬೀರು ಇದ್ದರೆ ಸಿಗ್ನಲ್ ನುಂಗುತ್ತದೆ ಎಂದು ಓದಿ, ಪೆಟ್ಟಿಗೆಯನ್ನು ಕಪಾಟಿನ ಮೇಲೆ ಏರಿಸಿದೆ. ಮೈಕ್ರೊವೇವ್ ಅಡ್ಡ ಬರುತ್ತದೆ ಎಂದು ಅದರ ವೈರು ಕಿತ್ತಿಟ್ಟೆ. ಮಧ್ಯಾಹ್ನದ ರೋಗಿಗಳ ಹೊತ್ತಿಗೆ ಒಮ್ಮೆಯೂ ಕಡಿಯಲಿಲ್ಲ. ತೊದಲುವ ಶಾಲೆಯ ಹುಡುಗಿ ನಾಲ್ಕು ಗಂಟೆಗೆ ಬಂದಾಗ ಚಿತ್ರ ಕನ್ನಡಿಯಂತೆ ಸ್ಪಷ್ಟ. ಚಾಲಕರ ಹೊತ್ತಿಗೇ ಏನು ಬಂತು ಕೇಡು? ಅವರ ಮನೆಯ ಲೈನೇ ಹಾಳಾಗಿರಬಹುದೇ? ಮಗಳು ಬಂದು ಪರೀಕ್ಷೆ ಮಾಡಿದಳಂತೆ, ಅವರದು ಸರಿ ಇದೆ.

ಒಂದು ತಮಾಷೆ. ಕಡಿದಾಗಲೆಲ್ಲ ಇವರು ಬಂದು ಬಾಗಿಲಲ್ಲಿ ನಿಂತು ಹುಬ್ಬೇರಿಸುತ್ತಾರೆ. ಇವರು ಬಂದು ನಿಲ್ಲುವಷ್ಟರಲ್ಲಿ ಲೈನು ಬಂದೇ ಬಿಟ್ಟಿರುತ್ತದೆ. "ನಿಮ್ಮ ಕಾಲ್ಗುಣ ಒಳ್ಳೇದು, ಇಲ್ಲೇ ಒಂದು ಸ್ಟೂಲ್ ಹಾಕ್ಕೊಂಡು ಕೂತ್ಕೊಳ್ಳಿ" ಎಂದೆ. ನಗಲಿಲ್ಲ. ಹೊರಟು ಹೋದರು.


ಮಾರ್ಚ್ 9, ಭಾನುವಾರ

ಇಡೀ ದಿನ ಒಂದು ಸಲವೂ ಕಡಿಯಲಿಲ್ಲ. ರಜೆಯ ದಿನ ಲೈನಿಗೂ ಒಳ್ಳೆ ಬುದ್ಧಿ.


ಮಾರ್ಚ್ 10, ಸೋಮವಾರ

11.10, 11.26.

ಸಹಾಯವಾಣಿಗೆ ಕರೆ ಮಾಡುವ ಕೆಲಸವನ್ನು ಇವರಿಗೆ ಒಪ್ಪಿಸಿದೆ. ಗ್ರಾಹಕ ಸಂಖ್ಯೆ, ದೂರು ಸಂಖ್ಯೆ, ಎಲ್ಲ ಚೀಟಿಯಲ್ಲಿ ಬರೆದುಕೊಟ್ಟೆ. ಹೊರಗೆ ಬಂದು ನೋಡಿದರೆ ಫೋನನ್ನು ಕಿವಿಗೆ ಒತ್ತಿಕೊಂಡು ಸುಮ್ಮನೆ ನಿಂತಿದ್ದಾರೆ. ಹಣೆಯ ಮೇಲೆ ಬೆವರು. ಆ ಕಡೆಯಿಂದ ಹುಡುಗಿಯ ದನಿ ಕೇಳಿಸುತ್ತಿತ್ತು: "ಸರ್, ನಿಮ್ಮ ವಾಯ್ಸ್ ಕಟ್ ಆಗ್ತಾ ಇದೆ. ಸರ್? ಕೇಳಿಸ್ತಾ ಇದ್ಯಾ?"

ಫೋನನ್ನು ನನ್ನ ಕೈಗೆ ತುರುಕಿ ಹೋದರು. ಫೋನಿನ ಲೈನೂ ಹೀಗಾದರೆ ಇನ್ನು ಯಾರಿಗೆ ಹೇಳೋಣ? ನಾನು ಮಾತಾಡಿದಾಗ ಮಾತ್ರ ಸರಿಯಾಗಿ ಕೇಳಿಸಿತಂತೆ. ಶುಕ್ರವಾರ ಯಾರನ್ನಾದರೂ ಕಳಿಸುತ್ತಾರಂತೆ.


ಮಾರ್ಚ್ 12, ಬುಧವಾರ

11.14, 11.37.

ವೈಫೈ ತಪ್ಪೋ ಲೈನಿನ ತಪ್ಪೋ ತಿಳಿಯಲು ಉದ್ದನೆಯ ಕೇಬಲ್ ತಂದು ಕಂಪ್ಯೂಟರನ್ನು ನೇರವಾಗಿ ರೂಟರಿಗೆ ಜೋಡಿಸಿದೆ. ಆಗಲೂ ಕಡಿಯಿತು. ಎದ್ದು ಹೋಗಿ ನೋಡಿದರೆ ಪೆಟ್ಟಿಗೆಯ ಮೇಲೆ ಹಸಿರು ದೀಪದ ಜಾಗದಲ್ಲಿ ಕೆಂಪು. ಅಂದರೆ ತಪ್ಪು ನಮ್ಮ ಲೈನಿನದೇ, ವೈಫೈಯದಲ್ಲ. ಇಷ್ಟು ತಿಳಿಯಲು ಒಂದು ವಾರ. ತಿಳಿದು ಏನಾಯಿತು, ಅದೂ ತಿಳಿಯದು.

ಇವತ್ತು ಇನ್ನೊಂದು ಆಯಿತು. ಬಾಚಣಿಗೆಯ ಚಿತ್ರ ಹಿಡಿದಿದ್ದೆ. ಚಾಲಕರ ಮುಖ ಅಲುಗಲಿಲ್ಲ. ಚಿತ್ರ ನಿಂತುಹೋಗಿದೆಯೋ, ಅವರೇ ಯೋಚಿಸುತ್ತಿದ್ದಾರೋ ಗೊತ್ತಾಗಲಿಲ್ಲ. ಸಾಮಾನ್ಯವಾಗಿ ನಾನು ಮೂರು ಎಣಿಸುವಷ್ಟರಲ್ಲಿ "ಬಾ…" ಎಂದು ಮೊದಲಕ್ಷರ ಕೊಟ್ಟುಬಿಡುತ್ತೇನೆ. ಲೈನು ಸತ್ತಿದ್ದರೆ ಕೊಟ್ಟು ಏನು ಪ್ರಯೋಜನ ಎಂದು ಸುಮ್ಮನೆ ಕೂತೆ. ಕಾರ್ಡು ಹಿಡಿದ ಕೈ ನೋಯತೊಡಗಿತು. ಆಗ ಇದ್ದಕ್ಕಿದ್ದಂತೆ ಅವರ ತುಟಿ ಅಲುಗಿತು: "ಬಾ…ಚ…ಣಿಗೆ."

ಪೂರ್ತಿ ಪದ. ಯಾರೂ ಎತ್ತಿಕೊಡದೆ. ಹೆಂಡತಿ ಬಾಯಿಗೆ ಸೆರಗು ಹಿಡಿದುಕೊಂಡರು. ಲೈನು ಆಗ ಚೆನ್ನಾಗಿಯೇ ಇತ್ತು ಎಂದು ಆಮೇಲೆ ತಿಳಿಯಿತು. ಇದನ್ನು ಯಾವ ಖಾತೆಗೆ ಹಾಕುವುದೋ ನನಗೆ ತಿಳಿಯದು.


ಮಾರ್ಚ್ 14, ಶುಕ್ರವಾರ

11.09. ಆಮೇಲೆ ಲೈನಿನವರು ಬಂದರು.

ಹೆಂಗಸು. ನಲವತ್ತೈದು ಇರಬಹುದು. ಹೆಗಲ ಮೇಲೆ ಏಣಿ, ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ವೈರಿನಲ್ಲಿ ಬರುವ ಬೆಳಕು ಅಳೆಯುವ ಉಪಕರಣ ಚುಚ್ಚಿ ನೋಡಿ, "ಎಲ್ಲಾ ಸರಿ ಇದೆಯಲ್ಲ ಮೇಡಂ" ಎಂದಳು.

"ಈಗ ಸರಿ ಇದೆ. ಹನ್ನೊಂದಕ್ಕೆ ಇರಲ್ಲ."

"ನಾನು ಬಂದಾಗ ಎಲ್ಲಾ ಮನೇಲೂ ಸರಿಯಾಗಿಬಿಡುತ್ತೆ. ನಮ್ಮ ಅತ್ತೆಗೆ ಡಾಕ್ಟರ್ ಕಂಡ್ರೆ ಹಲ್ಲುನೋವು ಹೋಗುತ್ತಲ್ಲ, ಹಂಗೆ." ಇವರ ಕಡೆ ತಿರುಗಿ ಕೇಳಿದಳು: "ಸರ್, ವೈರು ಮನೆಯೊಳಗೆ ಎಲ್ಲಿಂದ ಬರುತ್ತೆ?"

"ಆ… ಹಿಂದೆ. ಆ… ಅದರ…"

"ಹಿಂದುಗಡೆ ಕಿಟಕಿಯಿಂದ, ರೂಮುಗಳ ಮಧ್ಯದ ಓಣಿ ಗುಂಟ ಬಂದು ಹಾಲ್‌ಗೆ" ಎಂದೆ.

"ಇತ್ತೀಚೆಗೆ ಮನೆಗೆ ಏನಾದ್ರೂ ಕೆಲಸ ಮಾಡಿಸಿದ್ರಾ ಸರ್?"

"ಫೆಬ್ರವರಿಯಲ್ಲಿ ಬಣ್ಣ ಹೊಡೆಸಿದ್ವಿ" ಎಂದೆ.

ಅವಳು ಕನ್ನಡಕ ತೆಗೆದು ನನ್ನನ್ನು ನೋಡಿದಳು. "ನಾನು ಸರ್‌ನ ಕೇಳಿದ್ದು ಮೇಡಂ."

ಇದೆಂಥ ಮಾತು? ಯಾರು ಹೇಳಿದರೇನು, ಬಣ್ಣ ಬಣ್ಣವೇ ಅಲ್ಲವೇ? ಇವರು ಅಷ್ಟರಲ್ಲಿ ಅಡುಗೆಮನೆಗೆ ಹೋಗಿಬಿಟ್ಟಿದ್ದರು. ಅವಳು ಪೆಟ್ಟಿಗೆ ಬದಲಿಸಿದಳು. "ಮತ್ತೆ ಕಡಿದ್ರೆ ಬರೀ ಟೈಮ್ ಬರೀಬೇಡಿ. ಆ ಹೊತ್ತಿಗೆ ಮನೇಲಿ ಯಾರು ಏನು ಮಾಡ್ತಿದ್ರು ಅಂತಾನೂ ಬರೀರಿ" ಎಂದು ಹೇಳಿ ಹೋದಳು.


ಮಾರ್ಚ್ 17, ಸೋಮವಾರ

11.07, 11.22, 11.48. ಹೊಸ ಪೆಟ್ಟಿಗೆ, ಹಳೇ ಚಾಳಿ.

ಯಾರು ಏನು ಮಾಡುತ್ತಿದ್ದರು: ನಾನು ಚಾಲಕರಿಗೆ ಕಲಿಸುತ್ತಿದ್ದೆ. ಇವರು ಎಲ್ಲೋ ಇದ್ದರು. ಬಟ್ಟೆ ಒಗೆಯುವ ಯಂತ್ರ ಓಡುತ್ತಿರಲಿಲ್ಲ. ಲಿಫ್ಟಿನ ಸದ್ದು ಎರಡು ಸಲ. ಮೇಲಿನ ಮನೆಯಲ್ಲಿ ಏನೋ ಉರುಳಿದ ಸದ್ದು.

ಮೇಲಿನ ಮನೆ! ಅಲ್ಲಿರುವುದು ಬೇಕರಿಯ ಕೇಕುಗಾರ. ದೊಡ್ಡ ಒಲೆ ಇಟ್ಟುಕೊಂಡಿರಬೇಕು. ಇಷ್ಟು ದಿನ ಹೊಳೆಯಲೇ ಇಲ್ಲವಲ್ಲ.


ಮಾರ್ಚ್ 18, ಮಂಗಳವಾರ

11.11, 11.30.

ಸಂಜೆ ಮೆಟ್ಟಿಲು ಹತ್ತಿ ಕೇಕುಗಾರನನ್ನೇ ಕೇಳಿದೆ. ಅವನು ಬೆಳಿಗ್ಗೆ ಆರಕ್ಕೆ ಹೋಗಿ ಎರಡಕ್ಕೆ ಬರುತ್ತಾನಂತೆ. ಮನೆಯಲ್ಲಿರುವುದು ಒಂದು ಗ್ಯಾಸ್ ಒಲೆ, ಅದರ ಮೇಲೆ ಒಂದು ಚಹಾ ಪಾತ್ರೆ. ಉರುಳಿದ್ದು ಬೆಕ್ಕು ಬೀಳಿಸಿದ ಡಬ್ಬ. ನನ್ನ ಮುಖ ಇಷ್ಟು ಚಿಕ್ಕದಾಯಿತು.

ಬಾಗಿಲವರೆಗೆ ಬಂದು ಅವನು ಮೆಲ್ಲಗೆ ಕೇಳಿದ: "ಆಂಟಿ, ಸರ್‌ಗೆ ನನ್ನ ಮೇಲೆ ಏನಾದ್ರೂ ಕೋಪಾನಾ? ಮುಂಚೆ ಮೆಟ್ಟಿಲಲ್ಲಿ ಸಿಕ್ಕಿದ್ರೆ ಅರ್ಧ ಗಂಟೆ ಮಾತಾಡೋರು. ಈಗ ತಲೆ ಆಡಿಸಿ ಬೇಗ ಬೇಗ ಇಳಿದು ಹೋಗ್ತಾರೆ."

"ಅವರು ಮನೇಲೂ ಹಂಗೇ ಆಗಿದ್ದಾರೆ ಬಿಡಪ್ಪ, ರಿಟೈರ್ಮೆಂಟ್ ಬೇಜಾರು" ಎಂದೆ. ಇಳಿದು ಬರುವಾಗ ಯಾಕೋ ಆ ಮಾತು ಗಂಟಲಿನಲ್ಲಿ ಮೀನಿನ ಮುಳ್ಳಿನಂತೆ ನಿಂತಿತು. ಅರ್ಧ ಗಂಟೆ ಏನು ಮಾತಾಡುತ್ತಿದ್ದರು? ನನ್ನ ಜೊತೆ ಅರ್ಧ ಗಂಟೆ ಮಾತಾಡಿ ಎಷ್ಟು ದಿನವಾಯಿತು?

ನಾಳೆ ಲಿಫ್ಟಿನ ಮೇಲೆ ಕಣ್ಣಿಡಬೇಕು.


ಮಾರ್ಚ್ 19, ಬುಧವಾರ

ಒಂದು ಸಲವೂ ಕಡಿಯಲಿಲ್ಲ! ಹತ್ತೂವರೆಗೆ ಇವರು ಕ್ಷೌರಕ್ಕೆ ಹೋದವರು ಹನ್ನೆರಡೂವರೆಗೆ ಬಂದರು, ಇಲ್ಲದಿದ್ದರೆ ಕರೆದು ತೋರಿಸುತ್ತಿದ್ದೆ. ಚಾಲಕರು ಐದು ಪದ ಹೇಳಿದರು. ನಾನು ಈಗ ಲೈನಿಗೆ ಹೆದರಿ ಹೆದರಿ ಕಾಯುವುದೇ ರೂಢಿಯಾಗಿದೆ.

ಲಿಫ್ಟು ಹದಿನಾಲ್ಕು ಸಲ ಓಡಿತು. ಆದ್ದರಿಂದ ಲಿಫ್ಟೂ ಅಲ್ಲ.


ಮಾರ್ಚ್ 20, ಗುರುವಾರ

11.06, 11.15, 11.24, 11.38, 11.52.

ಜಗಳ. ಮಧ್ಯಾಹ್ನ ಊಟದ ಹೊತ್ತಿಗೆ ಇವರು, "ನಾಳೆ ನಾನು… ಆ… ಅಲ್ಲಿಗೆ… ನಿನ್ನ…" ಎಂದು ಶುರು ಮಾಡಿದರು. ಬ್ಯಾಂಕಿಗಾ ಎಂದೆ. ಅಲ್ಲ. ಅಕ್ಕನ ಮನೆಗಾ? ಅಲ್ಲ. ಡಾಕ್ಟರ ಹತ್ತಿರ ಹೋಗಬೇಕಾ, ಅಂಗಡಿಗಾ, ಏನು, ಎಲ್ಲಿಗೆ, ಎಂದು ಉಸಿರು ಬಿಡದೆ ಕೇಳುತ್ತ ಹೋದೆ. ಬೆಳಗಿನಿಂದ ಐದು ಸಲ ಕಡಿದ ಲೈನಿನ ಸಿಟ್ಟೆಲ್ಲ ನಾಲಿಗೆಗೆ ಬಂತು. "ಒಂದು ವಾಕ್ಯ ನೆಟ್ಟಗೆ ಮುಗಿಸೋಕೆ ಆಗಲ್ವಾ ನಿಮಗೆ?" ಎಂದುಬಿಟ್ಟೆ.

ಎದ್ದು ಹೋದರು. ಒಳಗೆಲ್ಲೋ ಬಾಗಿಲು ಬಡಿದ ಸದ್ದು. ಪೆಟ್ಟಿಗೆಯ ದೀಪ ಕೆಂಪಾಯಿತು. ಇದಕ್ಕೂ ಈಗಲೇ ಆಗಬೇಕಿತ್ತೇ ಎಂದುಕೊಂಡು ಸಹಾಯವಾಣಿಗೆ ಫೋನು ಹಚ್ಚಿದೆ.


ಮಾರ್ಚ್ 21, ಶುಕ್ರವಾರ

ಕ್ರಮವಾಗಿ ಬರೆಯುತ್ತೇನೆ. ಬರೆದರೆ ಅರ್ಥವಾದೀತು.

ಲೈನಿನ ಹೆಂಗಸು ಹನ್ನೊಂದಕ್ಕೆ ಸರಿಯಾಗಿ ಬಂದಳು. "ಇವತ್ತು ನಿಮ್ಮ ಕ್ಲಾಸ್ ನಡೀಲಿ, ಕಾಯಿಲೆ ಬಂದಾಗಲೇ ನೋಡೋಣ" ಎಂದಳು. ನಾನು ಬಾಗಿಲು ಹಾಕಿಕೊಂಡು ಚಾಲಕರ ಮುಂದೆ ಕೂತೆ. ಎರಡನೇ ಕಾರ್ಡಿಗೆ ಕಡಿಯಿತು. ಹೊರಗೆ ಓಡಿದೆ. ಅವಳು ಪೆಟ್ಟಿಗೆಯಿಂದ ವೈರು ಬಿಚ್ಚಿ, ಅದರ ತುದಿಗೆ ಪೆನ್ನಿನಂಥ ಒಂದು ದೀಪ ಸಿಕ್ಕಿಸಿದ್ದಳು. "ಈ ವೈರಿನೊಳಗೆ ಇರೋದು ಗಾಜಿನ ಎಳೆ ಮೇಡಂ, ಹೋಗೋದು ಬೆಳಕು. ಎಲ್ಲಿ ಮಡಚಿದೆಯೋ ಅಲ್ಲಿ ಈ ಕೆಂಪು ಹೊರಗೆ ಸೋರುತ್ತೆ." ಮನೆಯೊಳಗಿನ ಓಣಿಯ ದೀಪ ಆರಿಸಿ, ಬಗ್ಗಿ, ಗೋಡೆಯ ಬುಡದಲ್ಲಿ ಒಂದೊಂದೇ ಅಡಿ ನೋಡುತ್ತ ನಡೆದಳು.

ಸಾಮಾನು ಕೋಣೆಯ ಬಾಗಿಲ ಚೌಕಟ್ಟಿನ ಕೆಳಗೆ, ಕೀಲಿನ ಸಂದಿಯಲ್ಲಿ, ಕೆಂಡದ ಕಿಡಿಯಂತೆ ಒಂದು ಚುಕ್ಕೆ ಹೊಳೆಯುತ್ತಿತ್ತು.

"ಸಿಕ್ಕಿದ ಕಳ್ಳ. ಬಣ್ಣ ಹೊಡೆಯೋರು ಕ್ಲಿಪ್ ಕಿತ್ತು ಹಾಗೇ ಬಿಟ್ಟಿದ್ದಾರೆ. ವೈರು ಜಾರಿ ಸಂದಿಗೆ ಬಿದ್ದಿದೆ. ಬಾಗಿಲು ತೆಗೆದಿದ್ರೆ ಸರಿ ಇರುತ್ತೆ. ಅರ್ಧ ಹಾಕಿದ್ರೆ ತೆವಳುತ್ತೆ. ಪೂರ್ತಿ ಹಾಕಿದ್ರೆ ಸತ್ತೇ ಹೋಗುತ್ತೆ." ತಲೆಯೆತ್ತಿ ಕೇಳಿದಳು: "ದಿನಾ ಹನ್ನೊಂದಕ್ಕೆ ಈ ಬಾಗಿಲು ಯಾರು ಹಾಕ್ತಾರೆ?"

"ಯಾರೂ ಇಲ್ಲ. ಅದು ಯಾವಾಗಲೂ ತೆಗೆದೇ ಇರುತ್ತೆ" ಎಂದೆ.

ಬಾಗಿಲು ಈಗ ಮುಚ್ಚಿತ್ತು. ನಾವಿಬ್ಬರೂ ಅದನ್ನೇ ನೋಡುತ್ತಿದ್ದಂತೆ ಅದು ಒಳಗಿನಿಂದ ತೆರೆಯಿತು. ಕೆಂಪು ಚುಕ್ಕೆ ಆರಿತು. ಇವರು ನಿಂತಿದ್ದರು.

"ನಾನು" ಎಂದರು.

ಅವಳು ಮತ್ತೇನೂ ಕೇಳಲಿಲ್ಲ. ವೈರನ್ನು ಬಾಗಿಲ ಮೇಲುಗಡೆಯಿಂದ ಎಳೆದು, ಐದು ಕ್ಲಿಪ್ ಹೊಡೆದು, ಹಸಿರು ದೀಪ ತೋರಿಸಿ, ಏಣಿ ಹೊತ್ತು ಹೊರಟಳು. ಹೋಗುವಾಗ ಇವರಿಗೆ, ನನಗಲ್ಲ, "ಬರ್ತೀನಿ ಸರ್" ಎಂದು ನಿಂತಳು. ಇವರು "ಹೋಗಿ… ಬನ್ನಿ" ಎನ್ನುವವರೆಗೆ ನಿಂತೇ ಇದ್ದಳು.

ನಾನು ಸಾಮಾನು ಕೋಣೆಯೊಳಗೆ ಹೋದೆ. ಎಷ್ಟು ದಿನವಾಗಿತ್ತೋ. ಎಲ್ಲ ವಸ್ತುಗಳ ಮೇಲೂ ಇವರು ಚೀಟಿ ಅಂಟಿಸಿದ್ದಾರೆ. ಸುತ್ತಿಗೆ. ಇಕ್ಕಳ. ಗರಗಸ. ಏಣಿ. ಛತ್ರಿ. ಮೊದಲು ಅಚ್ಚಿನಂತಿದ್ದ ಇವರ ಅಕ್ಷರ ಈಗ ಸೊಟ್ಟಗಾಗಿದೆ. ಕೆಲವು ಚೀಟಿಯಲ್ಲಿ ಅರ್ಧ ಪದ ಬರೆದು ಹೊಡೆದುಹಾಕಿದ್ದಾರೆ. ಗೋಡೆಗೆ ತಾಗಿಸಿ ಒಂದು ಸ್ಟೂಲು. ಆ ಗೋಡೆಯ ಆಚೆ ನನ್ನ ಕುರ್ಚಿ. ಕಿವಿಯಿಟ್ಟರೆ ನಾನು ಚಾಲಕರಿಗೆ ಹೇಳುವುದೆಲ್ಲ ಕೇಳಿಸುತ್ತದೆ.

"ದಿನಾ ಇಲ್ಲಿ ಕೂತ್ಕೋತಿದ್ರಾ?"

ತಲೆ ಆಡಿಸಿದರು. ಏನೋ ಹೇಳಲು ಹೊರಟರು. ನನ್ನ ನಾಲಿಗೆಯ ಮೇಲೆ ಆರು ಉತ್ತರ ಬಂದು ನಿಂತಿದ್ದವು, ಒಂದೂ ಹೊರಗೆ ಬರಲಿಲ್ಲ.

"ಅವರ… ಜೊತೆ… ನಾನೂ… ಹೇಳ್ತಿದ್ದೆ." ಇಷ್ಟು ಹೇಳಲು ಎಷ್ಟು ಹೊತ್ತು ಹಿಡಿಯಿತೋ. "ನಿನ್ನ ದನಿ… ನಿಂತುಬಿಡೋದು. ನಾನು… ನೋಡೋಕೆ… ಬರ್ತಿದ್ದೆ. ಮತ್ತೆ… ನೀನು ಶುರು. ಮತ್ತೆ… ಬಾಗಿಲು."

ಬಾಗಿಲು ಹಾಕಿದರೆ ಲೈನು ಕಡಿಯುವುದು, ಲೈನು ಕಡಿದರೆ ಬಾಗಿಲು ತೆಗೆಯುವುದು. ಮೂರು ವಾರ ಗಂಡ ಹೆಂಡತಿ ಗೋಡೆಯ ಎರಡೂ ಕಡೆ ಕೂತು ಇದೇ ಆಟ ಆಡಿದ್ದೇವೆ. ಕೂಸನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದವಳ ಕಥೆ ಕೇಳಿ ನಗುತ್ತಿದ್ದೆ. ಅವಳು ಲಿಫ್ಟು ಎಷ್ಟು ಸಲ ಓಡಿತೆಂದು ಬರೆದಿಟ್ಟಿರಲಿಲ್ಲ.

"ಯಾಕ್ರೀ ನನಗೆ ಹೇಳಲಿಲ್ಲ?"

ಸುತ್ತಿಗೆಯ ಚೀಟಿಯನ್ನು ಬೆರಳಿನಿಂದ ಒತ್ತಿ ಒತ್ತಿ ಅಂಟಿಸುತ್ತ ಹೇಳಿದರು: "ನೀನು… ನನ್ನ ಮುಂದೇನೂ… ಚಿತ್ರ ಹಿಡಿದು… 'ಇದೇನು' ಅಂತ… ಕೇಳ್ತೀಯ ಅಂತ."

ನಿನ್ನೆ ಊಟದ ಹೊತ್ತಿಗೆ ಏನು ಹೇಳಲು ಹೊರಟಿದ್ದಿರಿ ಎಂದು ಕೇಳಲಿಲ್ಲ. ಆಸ್ಪತ್ರೆಗೆ ಫೋನು ಮಾಡಿ ನರರೋಗದ ವೈದ್ಯೆಯ ಸಮಯ ತೆಗೆದುಕೊಂಡೆ. ಎಷ್ಟು ಬೇಗ ಬರಬೇಕು ಎಂದು ನಾನು ಕೇಳಿದರೆ, "ಇಷ್ಟು ದಿನ ಏನು ಮಾಡ್ತಿದ್ರಿ?" ಎಂದರು ಅಲ್ಲಿಯವರು.


ಮಾರ್ಚ್ 24, ಸೋಮವಾರ

ಸ್ಕ್ಯಾನ್ ಆಯಿತು. ಮೆದುಳಿನ ಎಡಗಡೆ ಒಂದು ಸಣ್ಣ ಕಲೆ, ಬಟಾಣಿಯಷ್ಟು. ಹಳೆಯದು. ಸಣ್ಣ ಪಾರ್ಶ್ವವಾಯು, ಕೈಕಾಲಿಗೆ ಬರಲಿಲ್ಲ, ಹೆಸರುಗಳಿರುವ ಜಾಗಕ್ಕೆ ಮಾತ್ರ ಪೆಟ್ಟು. ಬೆಳೆಯುವ ಕಾಯಿಲೆಯಲ್ಲ. ಔಷಧ ತಪ್ಪಬಾರದು, ಅಭ್ಯಾಸ ಬಿಡಬಾರದು, ಬಹಳಷ್ಟು ಮಾತು ವಾಪಸು ಬರುತ್ತದೆ ಎಂದರು.

"ಯಾವಾಗ ಶುರುವಾಯ್ತು?" ವೈದ್ಯೆ ನನ್ನನ್ನು ಕೇಳಿದರು. ಇಪ್ಪತ್ತಾರು ವರ್ಷ ಬೇರೆಯವರ ಮನೆಯವರಿಗೆ ನಾನೇ ಕೇಳಿದ ಪ್ರಶ್ನೆ. "ಗೊತ್ತಿಲ್ಲ" ಎಂದವರನ್ನು ಮನಸ್ಸಿನಲ್ಲೇ ಬೈದಿದ್ದೇನೆ. ಇವತ್ತು ನಾನೇ ಇವರ ಕಡೆ ತಿರುಗಿದೆ.

ಇವರು ಹೇಳಿದರು. "ಜನವರಿ. ಹತ್ತೊಂಬತ್ತು. ಬೆಳಿಗ್ಗೆ. ಹಾಲು… ಹಾಲು ಕೆಳಗೆ ಬಿತ್ತು."

ಹಾಲು ಬಿದ್ದದ್ದು ನನಗೆ ನೆನಪಿದೆ. ನೆಲ ಒರೆಸುತ್ತ ನಾನು ಏನು ಹೇಳಿದೆ ಎಂಬುದೂ ನೆನಪಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.


ಮಾರ್ಚ್ 28, ಶುಕ್ರವಾರ

ಆಸ್ಪತ್ರೆಯವರು ರೆಕಾರ್ಡಿಂಗ್ ನೋಡಿದರು. ವಿಭಾಗದ ಮುಖ್ಯಸ್ಥೆ ಫೋನು ಮಾಡಿ ಹೇಳಿದರು: ಫೆಬ್ರವರಿಯಲ್ಲಿ ಚಾಲಕರು ತಾವಾಗಿಯೇ ಹೇಳಿದ್ದು ಎರಡು ಪದ, ಮಾರ್ಚಿನಲ್ಲಿ ಇಪ್ಪತ್ತಮೂರು. ಇನ್ನೂ ಆರು ತಿಂಗಳು ಮುಂದುವರಿಸಲು ಒಪ್ಪಿಗೆ. "ಏನು ಹೊಸ ವಿಧಾನ ಮಾಡಿದ್ರಿ?"

"ಏನೂ ಇಲ್ಲ. ಲೈನ್ ಕೆಟ್ಟಿತ್ತು" ಎಂದೆ. ತಮಾಷೆ ಎಂದುಕೊಂಡು ನಕ್ಕರು.

ಆದರೆ ಇವತ್ತು ಲೈನು ಒಂದು ಚೂರೂ ಅಲುಗಾಡಲಿಲ್ಲ, ಚಾಲಕರು ಒಂದೇ ಪದ ಹೇಳಿದರು. ಮುಗಿಯುವಾಗ ಅವರ ಹೆಂಡತಿ ಸಂಕೋಚದಿಂದ, "ಮೇಡಂ, ತಪ್ಪು ತಿಳೀಬೇಡಿ… ಈಗ ನೀವು ಬೇಗ ಬೇಗ ಎತ್ತಿಕೊಟ್ಟುಬಿಡ್ತೀರಿ" ಎಂದರು. ಹೌದೇ? ನನಗಂತೂ ಮೊದಲಿನಂತೆಯೇ ಮಾಡುತ್ತಿದ್ದೇನೆ ಅನಿಸಿತ್ತು.


ಏಪ್ರಿಲ್ 4, ಶುಕ್ರವಾರ

ಇವರಿಗೆ ಕಲಿಸುವುದು ನಾನಲ್ಲ. ಮನೆಯವರು ಕಲಿಸಬಾರದು ಎಂಬುದು ನಮ್ಮ ವೃತ್ತಿಯ ಪಾಠ, ಅದಕ್ಕಿಂತ ಹೆಚ್ಚಾಗಿ ಇವರ ಹಟ. ನನ್ನ ಕೈಕೆಳಗೆ ಕಲಿತ ಒಬ್ಬಳು ಸಂಜೆ ಐದಕ್ಕೆ ವಿಡಿಯೋದಲ್ಲಿ ಬರುತ್ತಾಳೆ. ನಾನು ಗೋಡೆಗೆ ಕಿವಿ ಕೊಡಬಾರದು ಎಂಬ ಕರಾರು. ಆ ಒಂದು ಗಂಟೆ ಹೊರಗೆ ಹೋಗುತ್ತೇನೆ. ಇವತ್ತು ಕೇಕುಗಾರನ ಮನೆಯ ಮೆಟ್ಟಿಲ ಮೇಲೆ ಕೂತು ಅವನ ಬೆಕ್ಕಿನ ಪುರಾಣವನ್ನೆಲ್ಲ ಕೇಳಿದೆ.

ವಾಪಸು ಬಂದಾಗ ಇವರು ಚಹಾ ಮಾಡಿಟ್ಟಿದ್ದರು. ಪಾಠ ಹೇಗಾಯಿತೆಂದು ಹೇಳತೊಡಗಿದರು. ಚಹಾ ಕೆನೆಗಟ್ಟಿತು, ಆರಿತು. ಹೇಳಿ ಮುಗಿಸಿದರು. ಊಟದ ಮೇಜಿನ ಮೇಲೆ ಅಂದು ಹೇಳಲು ಹೊರಟಿದ್ದೂ ಅದರಲ್ಲೇ ಬಂತು: ನಾಳೆ ನಿನ್ನ ಆಸ್ಪತ್ರೆಗೆ ನನ್ನನ್ನು ಕರೆದುಕೊಂಡು ಹೋಗು ಎನ್ನುತ್ತಿದ್ದರಂತೆ.


ಏಪ್ರಿಲ್ 16, ಬುಧವಾರ

ಲೈನು ಯಾಕೆ ಕಡಿಯುತ್ತಿತ್ತು ಎಂಬ ನಿಜವನ್ನು ಇವರ ಒಪ್ಪಿಗೆ ಪಡೆದು ಚಾಲಕರ ಮನೆಗೆ ಹೇಳಿದ್ದೆ. ಚಾಲಕರು ಕೆಮ್ಮು ಬರುವವರೆಗೆ ನಕ್ಕರಂತೆ. ಆಮೇಲೆ ಕೈಬೆರಳಿನಿಂದ ಪರದೆ ತೋರಿಸಿ, "ತೋ…ರಿಸಿ" ಎಂದು ಹಟ ಹಿಡಿದರಂತೆ. ಹಾಗಾಗಿ ಇವತ್ತು ಹನ್ನೊಂದಕ್ಕೆ ನನ್ನ ಕುರ್ಚಿಯಲ್ಲಿ ಇವರು ಕೂತರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ನಾನು ಪಕ್ಕದಲ್ಲಿ, ಕ್ಯಾಮೆರಾಕ್ಕೆ ಕಾಣದಂತೆ ಕೂತೆ. ಬಾಯಿ ತೆರೆಯಬಾರದು. ಪೆನ್ನಿನ ಮುಚ್ಚಳವನ್ನು ಹಲ್ಲಿನ ನಡುವೆ ಇಟ್ಟುಕೊಂಡಿದ್ದೆ.

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಕೂತರು. ಹೆಣ್ಣು ನೋಡಲು ಬಂದವರ ಹಾಗೆ.

"ನೀ…ವು. ಲೈನ್… ಕಳ್ಳ!" ಎಂದರು ಚಾಲಕರು.

ಅವರ ಹೆಂಡತಿ ಕಿಸಕ್ಕನೆ ನಕ್ಕರು. ಇವರ ಕಿವಿ ಕೆಂಪಾಯಿತು. "ಹೌದು" ಎಂದರು. ಸ್ವಲ್ಪ ಹೊತ್ತಾದ ಮೇಲೆ, "ತಪ್ಪಾಯ್ತು" ಎಂದರು. ಮತ್ತೆ ಸ್ವಲ್ಪ ಹೊತ್ತಿಗೆ, "ನೀವು… ಬಸ್ಸು?"

"ಮೂವತ್ತು… ವರ್ಷ. ನೀವು… ಬಸ್ಸು… ಬರ್ತಿದ್ರಾ?"

"ಇಲ್ಲ. ನಾನು…" ಇವರು ನಿಂತರು. ಕೈ ಎರಡನ್ನೂ ಮುಂದೆ ಚಾಚಿ ಏನನ್ನೋ ಹಿಡಿದುಕೊಂಡಂತೆ ಮಾಡಿದರು. ಹೆಸರು ಸಿಗುತ್ತಿಲ್ಲ. ನನಗೆ ಗೊತ್ತು, ಆ ಹೆಸರು ನನ್ನ ನಾಲಿಗೆಯ ಮೇಲೆ ಕುಣಿಯುತ್ತಿತ್ತು. ಮುಚ್ಚಳ ಕಚ್ಚಿದೆ. ಚಾಲಕರಿಗೂ ಗೊತ್ತಾಗಿತ್ತು, ಅವರೂ ಬಾಯಿ ಬಿಡಲಿಲ್ಲ. ಅವರು ಕಾಯುವ ರೀತಿ ನೋಡಬೇಕು, ನಿಲ್ದಾಣದಲ್ಲಿ ಮುದುಕಿಯೊಬ್ಬಳು ಹತ್ತುವವರೆಗೆ ಬಸ್ಸು ನಿಲ್ಲಿಸಿಕೊಂಡು ಕಾಯುವವರ ಹಾಗೆ.

"…ಸೈಕಲ್ಲು" ಎಂದರು ಇವರು.

ಚಾಲಕರ ಮುಖ ಅರಳಿತು. ಎಡಗೈಯಲ್ಲಿ ಪೋಂ ಪೋಂ ಎಂದು ಹಾರ್ನ್ ಒತ್ತಿದರು. "ಸೈಕಲ್ಲು! ಅಡ್ಡ… ಅಡ್ಡ ಬ…ರ್ತಿತ್ತು!"

ಇವರು ನಕ್ಕರು. ಜನವರಿಯಿಂದ ಈಚೆಗೆ ಈ ನಗು ಕೇಳಿರಲಿಲ್ಲ ಎಂದು ಆಗ ತಿಳಿಯಿತು. ನಾನೂ ನಕ್ಕು ನಕ್ಕು ಕಣ್ಣೊರೆಸಿಕೊಂಡು ನೋಡಿದರೆ ಪರದೆಯಲ್ಲಿ ಚಾಲಕರು ಅಲ್ಲಾಡದೆ ಇದ್ದರು. ಬಾಯಿ ಅರ್ಧ ತೆರೆದಿದೆ, ಕಣ್ಣು ಎಲ್ಲೋ ಇದೆ. ನಾನು ಗಾಬರಿಯಿಂದ ಎದ್ದು ಹಾಲ್‌ಗೆ ಹೋಗಿ ಪೆಟ್ಟಿಗೆ ನೋಡಿದೆ. ದೀಪ ಹಸಿರು. ಯೋಚಿಸುತ್ತಿದ್ದರು, ಅಷ್ಟೆ.

ಒಳಗಿನಿಂದ ಚಾಲಕರ ದನಿ ಕೇಳಿತು: "ಊ…ಟ… ಆಯ್ತಾ?"

ಇವರ ಉತ್ತರ ಬರಲಿಲ್ಲ. ಬರುತ್ತದೆ. ನಾನು ಅಡುಗೆಮನೆಗೆ ಹೋಗಿ ಸಾರಿನ ಒಲೆ ಆರಿಸಿ, ಸ್ಟೂಲು ಎಳೆದುಕೊಂಡು ಕಾಯುತ್ತ ಕೂತೆ.